ಮಗು ಶಾಲೆಗೆ ಹೋಗಲ್ಲ ಅಂತ ಕೂತರೆ ಏನು ಮಾಡೋದು? ಡೈರಿ, ವಾಟ್ಸಾಪ್ ಗ್ರೂಪು ಮತ್ತು ಬೆಳಗಿನ ಹೊಟ್ಟೆನೋವು

ಭಾನುವಾರ ರಾತ್ರಿವರೆಗೂ ಕುಣಿದಾಡಿದ ಮಗುವಿಗೆ ಸೋಮವಾರ ಬೆಳಿಗ್ಗೆ ಯೂನಿಫಾರಂ ಕಂಡ ಕೂಡಲೇ ಹೊಟ್ಟೆನೋವು. ಸರಿ, ಇವತ್ತೊಂದಿನ ಇರಲಿ ಅಂತ ಬಿಟ್ಟರೆ ಹನ್ನೊಂದು ಗಂಟೆಗೆಲ್ಲ ನೋವು ಮಾಯ, ಎರಡು ದೋಸೆ ತಿಂದು ಟಿವಿ ಮುಂದೆ ಹಾಜರು. ಅಜ್ಜಿ ದೃಷ್ಟಿಯಾಗಿದೆ ಅನ್ನುತ್ತಾರೆ, ಅಪ್ಪ ಬರೀ ನಾಟಕ ಅನ್ನುತ್ತಾರೆ, ಅಮ್ಮ ಕೆಲಸಕ್ಕೆ ಅರ್ಧ ದಿನ ರಜೆ ಹಾಕುತ್ತಾರೆ. ಮಂಗಳವಾರ ಮತ್ತೆ ಅದೇ ಕಥೆ.

1ರಿಂದ 5ನೇ ತರಗತಿವರೆಗಿನ ಮಕ್ಕಳ ಮನೆಯವರಿಗೆ ಅಂತ ಇದನ್ನು ಬರೆದಿದ್ದೇನೆ. ಸರ್ಕಾರಿ ಶಾಲೆಯಾದರೂ ಸರಿ, ಖಾಸಗಿಯಾದರೂ ಸರಿ. ಮುಖ್ಯವಾಗಿ ಹೇಳಬೇಕಿರುವುದು ಒಂದೇ. ಮಗು ಯಾಕೆ ಬೇಡ ಅನ್ನುತ್ತಿದೆ ಅನ್ನುವುದರ ಸುಳಿವು ಎಷ್ಟೋ ಸಲ ಶಾಲೆಯಿಂದ ಮನೆಗೆ ಬರುವ ಸುದ್ದಿಯಲ್ಲೇ ಇರುತ್ತದೆ: ಡೈರಿಯಲ್ಲಿ, ಗ್ರೂಪಿನ ಮೆಸೇಜಿನಲ್ಲಿ, ಪೋಷಕರ ಸಭೆಯ ನೋಟಿಸಿನಲ್ಲಿ. ನಾವು ಅದನ್ನೆಲ್ಲ ಫೀಸು ಯಾವಾಗ, ರಜೆ ಯಾವಾಗ ಅಂತ ನೋಡೋಕೆ ಮಾತ್ರ ತೆರೆಯುತ್ತೇವೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಕಾರಣ ಹುಡುಕುವುದು, ಶಾಲೆಗೆ ಕಳಿಸುವುದು ಎರಡೂ ಒಟ್ಟಿಗೇ ನಡೆಯಬೇಕು. ಕಾರಣ ಗೊತ್ತಾಗುವವರೆಗೆ ಮನೆಯಲ್ಲೇ ಇರಲಿ ಅಂದರೆ ಕೆಲಸ ಕೆಡುತ್ತದೆ. ಮನೆಯಲ್ಲಿ ಉಳಿದ ಕೂಡಲೇ ಮಗುವಿಗೆ ಹಾಯೆನಿಸುತ್ತದೆ, ಆ ಹಾಯೇ ನಾಳೆಯ ಹೆದರಿಕೆಯನ್ನು ಬೆಳೆಸುತ್ತದೆ. ಜೊತೆಗೆ ಪಾಠ ಹಿಂದೆ ಬೀಳುತ್ತದೆ, ಗೆಳೆಯರ ಗುಂಪು ಬೇರೆ ಆಟ ಶುರು ಮಾಡಿರುತ್ತದೆ, "ನಿನ್ನೆ ಯಾಕೆ ಬರಲಿಲ್ಲ" ಅನ್ನುವ ಪ್ರಶ್ನೆ ದಿನದಿನಕ್ಕೂ ದೊಡ್ಡದಾಗುತ್ತದೆ.

ಹೆಜ್ಜೆ 1: ಇದು ಯಾವ ಥರದ 'ಹೋಗಲ್ಲ'?

ಶಾಲೆ ಶುರುವಾಗುವ ಜೂನ್ ಹೊತ್ತಿಗೆ 1ನೇ ತರಗತಿಯ ಬಾಗಿಲಲ್ಲಿ ಒಂದಿಷ್ಟು ಅಳು ಇದ್ದೇ ಇರುತ್ತದೆ. ಕೆಲವು ವಾರದಲ್ಲಿ ಅದು ತಾನಾಗಿ ಇಳಿಯುತ್ತದೆ. ಶಾಲೆಗೆ ಹೋಗ್ತೀನಿ ಅಂತ ಹೊರಟು, ಕೆರೆ ಏರಿ ಮೇಲೆ ಗೋಲಿ ಆಡಿ, ಸಂಜೆ ಮನೆಗೆ ಬರುವ ಚಕ್ಕರ್ ಕೂಡ ಬೇರೆ ವಿಷಯ, ಅಲ್ಲಿ ಮಗು ಮುಚ್ಚಿಡುತ್ತದೆ. ನಾವು ಮಾತಾಡುತ್ತಿರುವ ಮಗು ಏನನ್ನೂ ಮುಚ್ಚಿಡುವುದಿಲ್ಲ. ನಿಮ್ಮ ಕಣ್ಣೆದುರೇ ಹೋಗಲ್ಲ ಅನ್ನುತ್ತದೆ, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತದೆ, ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ಎಸೆಯುತ್ತದೆ. ಶಾಲೆ ಇಲ್ಲದ ದಿನ ಇದೇ ಮಗು ಪೂರ್ತಿ ಆರಾಮು.

ಈ ಹೊಟ್ಟೆನೋವು ಸುಳ್ಳಲ್ಲ. ಹೆದರಿಕೆಗೂ ಹೊಟ್ಟೆಗೂ ನೇರ ಸಂಬಂಧ ಇದೆ. ಇಂಟರ್‌ವ್ಯೂ ದಿನ ಬೆಳಿಗ್ಗೆ ದೊಡ್ಡವರೂ ಎರಡೆರಡು ಸಲ ಟಾಯ್ಲೆಟ್ಟಿಗೆ ಓಡುತ್ತಾರಲ್ವಾ, ಹಾಗೇ ಇದು. ಅದಕ್ಕೇ "ಸುಳ್ಳು ಹೇಳಬೇಡ" ಅನ್ನುವ ಮಾತಿಂದ ಏನೂ ಗಿಟ್ಟುವುದಿಲ್ಲ.

ಹಾಗಂತ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ. ಒಂದು ಸಲ ಸರಿಯಾಗಿ ತೋರಿಸಿಬಿಡಿ. ಜ್ವರ, ವಾಂತಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮೂತ್ರ ಮಾಡುವಾಗ ಉರಿ, ಮಲದಲ್ಲಿ ರಕ್ತ, ರಜೆಯಲ್ಲೂ ಬಿಡದ ನೋವು, ಇಂಥದ್ದು ಯಾವುದಿದ್ದರೂ ತಡ ಮಾಡಬೇಡಿ. ಮಲಬದ್ಧತೆ, ಜಂತುಹುಳು ಎರಡನ್ನೂ ಕೇಳಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಮಗು ಬೋರ್ಡು ಕಾಣುತ್ತಿಲ್ಲ ಅನ್ನುವುದಿಲ್ಲ, ಶಾಲೆ ಬೇಡ ಅನ್ನುತ್ತದೆ. ಸರ್ಕಾರಿ, ಅನುದಾನಿತ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ನಿಮ್ಮ ಮಗು ಶಾಲೆಯಲ್ಲಿತ್ತಾ, ಚೀಟಿಯಲ್ಲಿ ಏನು ಬರೆದಿದ್ದಾರೆ ನೋಡಿ. ಡಾಕ್ಟರು ಏನೂ ಇಲ್ಲ ಅಂದ ಮೇಲೆ ಪ್ರತಿ ಸೋಮವಾರ ಮತ್ತೆ ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಡಿ. ಆಗ ಆಸ್ಪತ್ರೆಯೇ ರಜೆಯ ದಾರಿಯಾಗುತ್ತದೆ.

ಹೆಜ್ಜೆ 2: ನೋವಿನ ಲೆಕ್ಕವನ್ನೂ ಶಾಲೆಯ ಸುದ್ದಿಯನ್ನೂ ಪಕ್ಕಪಕ್ಕ ಇಡಿ

ಈ ಹೆಜ್ಜೆಯನ್ನು ಬಹಳ ಜನ ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ಒಂದು ಹಳೇ ನೋಟ್‌ಬುಕ್ ತಗೊಳ್ಳಿ. ಎಡಗಡೆ ಪುಟದಲ್ಲಿ ಮನೆಯ ಲೆಕ್ಕ: ತಾರೀಕು, ವಾರ, ರಾತ್ರಿ ಎಷ್ಟು ಹೊತ್ತಿಗೆ ಮಲಗಿತು, ಬೆಳಿಗ್ಗೆ ಏನು ಹೇಳಿತು, ಎಷ್ಟು ಹೊತ್ತಿಗೆ ಸರಿಹೋಯಿತು. ಬಲಗಡೆ ಶಾಲೆಯ ಲೆಕ್ಕ: ಅವತ್ತು ಯಾವ ಟೆಸ್ಟು, ಯಾವ ಪೀರಿಯಡ್ಡು, ಯಾವ ಟೀಚರ್ ರಜೆ, ಗ್ರೂಪಿನಲ್ಲಿ ಏನು ಬಂದಿತ್ತು. ಹಿಂದಿನ ತಿಂಗಳ ಮೆಸೇಜುಗಳನ್ನೂ ಮೇಲಕ್ಕೆ ಎಳೆದು ನೋಡಿ ತುಂಬಿಸಿ. ಎರಡು ವಾರ ಬರೆದರೆ ಸಾಕು.

ಆಮೇಲೆ ಎರಡೂ ಪುಟ ಜೋಡಿಸಿ ಓದಿ. ಮಂಗಳವಾರ, ಶುಕ್ರವಾರ ಮಾತ್ರ ಹೊಟ್ಟೆನೋವು ಅಂತಿಟ್ಟುಕೊಳ್ಳಿ, ಡೈರಿ ನೋಡಿದರೆ ಆ ಎರಡು ದಿನವೇ ಉಕ್ತಲೇಖನ ಇರಬಹುದು. ಶನಿವಾರ ಬೆಳಗಿನ ಶಾಲೆಗೆ ಮಾತ್ರ ತಕರಾರಿಲ್ಲದೆ ಹೋಗುತ್ತದಾ? ಆ ದಿನ ಅಪ್ಪ ಬೈಕಿನಲ್ಲಿ ಬಿಡುತ್ತಾರೆ, ವ್ಯಾನ್ ಇಲ್ಲ, ಮಧ್ಯಾಹ್ನದ ಊಟದ ಸಾಲೂ ಇಲ್ಲ. ಈ ತಕರಾರು ಶುರುವಾದ ವಾರವೇ ಗ್ರೂಪಿನಲ್ಲಿ "ನಾಳೆಯಿಂದ 2ನೇ ತರಗತಿಗೆ ಬೇರೆ ಟೀಚರ್ ಬರುತ್ತಾರೆ" ಅಂತ ಒಂದು ಸಾಲು ಬಂದಿರುತ್ತದೆ, ನೀವು ಅದಕ್ಕೊಂದು ನಮಸ್ಕಾರದ ಚಿತ್ರ ಒತ್ತಿ ಮುಂದೆ ಹೋಗಿರುತ್ತೀರಿ. ಲಸಿಕೆ ಹಾಕೋರು ಬರ್ತಾರೆ ಅನ್ನುವ ಸುದ್ದಿಯೂ ಅಷ್ಟೇ. ಒಬ್ಬ ಹುಡುಗ ಕೇಳಿಸಿಕೊಂಡರೆ ಮರುದಿನ ಅರ್ಧ ಬೆಂಚು ಖಾಲಿ.

ಸರ್ಕಾರಿ ಶಾಲೆಯಾದರೆ 4ನೇ ತರಗತಿಯ ಶುರುವಿನ ಮೇಲೆ ಒಂದು ಕಣ್ಣಿರಲಿ. 3ರವರೆಗೆ ನಲಿ-ಕಲಿ ಇರುತ್ತದೆ, 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಇದು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ಅವರವರ ವೇಗದಲ್ಲಿ ಕಲಿಯುತ್ತಾರೆ. ನಾಲ್ಕು ದಿನ ತಪ್ಪಿಸಿದ ಮಗು ಬಂದು ಬಿಟ್ಟ ಕಾರ್ಡಿನಿಂದಲೇ ಮುಂದುವರಿಸಬಹುದು. 4ಕ್ಕೆ ಬಂದ ಕೂಡಲೇ ಪಠ್ಯಪುಸ್ತಕ, ಎಲ್ಲರಿಗೂ ಒಂದೇ ಪಾಠ. 3ರವರೆಗೆ ಖುಷಿಯಾಗಿ ಹೋಗುತ್ತಿದ್ದ ಮಗು ಇಲ್ಲಿ ಮುಗ್ಗರಿಸಿದರೆ ಅದು ಹಠ ಅಲ್ಲ, ಬಹುಶಃ ಓದೋಕೆ ಕಷ್ಟವಾಗುತ್ತಿದೆ.

ಹೆಜ್ಜೆ 3: ಕೇಳಿ, ಆದರೆ "ಯಾಕೆ" ಅಂತ ಕೇಳಬೇಡಿ

ಬೆಳಿಗ್ಗೆ ಎಂಟಕ್ಕೆ, ಗಡಿಯಾರ ನೋಡುತ್ತಾ, "ಯಾಕೋ ಹೋಗಲ್ಲ? ಹೇಳು!" ಅಂದರೆ ಯಾವ ಮಗುವೂ ಹೇಳುವುದಿಲ್ಲ. ಏಳು ವರ್ಷದ ಮಗುವಿಗೆ ಯಾಕೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಸಂಜೆ ಕೇಳಿ. ಎದುರು ಕೂರಿಸಿಕೊಂಡು ಬೇಡ, ಅವರೆಕಾಯಿ ಸುಲಿಯುವಾಗಲೋ ಬಟ್ಟೆ ಮಡಚುವಾಗಲೋ ಕೈಗೆ ಒಂದು ಕೆಲಸ ಕೊಟ್ಟು ಕೇಳಿ. ಶಾಲೆಯ ದಿನವನ್ನು ತುಂಡು ತುಂಡಾಗಿ ಕೇಳಿ: ವ್ಯಾನಿನಲ್ಲಿ ಎಲ್ಲಿ ಕೂತೆ, ಪ್ರಾರ್ಥನೆಯಲ್ಲಿ ನಿನ್ನ ಹಿಂದೆ ಯಾರು ನಿಂತಿದ್ದರು, ಯಾರ ಪಕ್ಕ ಊಟ ಮಾಡಿದೆ, ಆಟಕ್ಕೆ ಬಿಟ್ಟಾಗ ಏನು ಮಾಡಿದೆ. ಮಾತು ಕಡಿಮೆ ಇರುವ ಮಗುವಾದರೆ ಶಾಲೆಯ ಚಿತ್ರ ಬರೆಸಿ, ಇಷ್ಟದ ಜಾಗಕ್ಕೆ ಒಂದು ಬಣ್ಣ, ಇಷ್ಟ ಇಲ್ಲದ ಜಾಗಕ್ಕೆ ಇನ್ನೊಂದು ಬಣ್ಣ ಹಾಕಿಸಿ. ಎಲ್ಲಿ ಬಣ್ಣ ಬೀಳುತ್ತದೆ ನೋಡಿ.

ಆ ಬಣ್ಣ ಶೌಚಾಲಯದ ಮೇಲೆ ಬಿದ್ದರೆ ಆಶ್ಚರ್ಯ ಪಡಬೇಡಿ. ಚಿಲಕ ಇಲ್ಲ, ನೀರಿಲ್ಲ, ವಾಸನೆ, ದೊಡ್ಡ ಹುಡುಗರು ಬಾಗಿಲು ತಳ್ಳುತ್ತಾರೆ, ಮಿಸ್ "ಈಗ ತಾನೇ ಹೋಗಿದ್ದೆಯಲ್ಲ, ಕೂತ್ಕೋ" ಅನ್ನುತ್ತಾರೆ. ಒಂದಕ್ಕೆ ಹೋಗಬೇಕಾಗುತ್ತದೆ ಅಂತ ಬೆಳಿಗ್ಗೆಯಿಂದ ನೀರನ್ನೇ ಕುಡಿಯದ ಹೆಣ್ಣುಮಕ್ಕಳಿದ್ದಾರೆ. ವಾಟರ್ ಬಾಟಲಿ ತುಂಬಿದಂತೆಯೇ ವಾಪಸ್ ಬರುತ್ತಿದೆಯಾ? ಮನೆಗೆ ಬಂದ ಕೂಡಲೇ ಬ್ಯಾಗು ಬಿಸಾಕಿ ಬಚ್ಚಲಿಗೆ ಓಡುತ್ತದಾ? ಇವೆರಡನ್ನು ಗಮನಿಸಿದರೆ ಅರ್ಧ ಉತ್ತರ ಸಿಕ್ಕ ಹಾಗೆ. ಬಟ್ಟೆಯಲ್ಲೇ ಮಾಡಿಕೊಂಡು ಒಂದು ಸಲ ಎಲ್ಲರೂ ನಕ್ಕಿದ್ದರೆ ಅದೊಂದೇ ಸಾಕು, ತಿಂಗಳುಗಟ್ಟಲೆ ಶಾಲೆ ಅಂದರೆ ಗುಮ್ಮ ಆಗೋಕೆ.

ವ್ಯಾನು ಇನ್ನೊಂದು ಗುಟ್ಟಿನ ಜಾಗ. ಅಲ್ಲಿ ಟೀಚರೂ ಇರಲ್ಲ, ಅಪ್ಪ ಅಮ್ಮನೂ ಇರಲ್ಲ. ಹಿಂದಿನ ಸೀಟಿನ ದೊಡ್ಡ ಹುಡುಗ ಡಬ್ಬಿ ಕಿತ್ತುಕೊಳ್ಳುತ್ತಾನೋ, ಅಡ್ಡಹೆಸರು ಇಟ್ಟಿದ್ದಾನೋ ಯಾರಿಗೆ ಗೊತ್ತು?

ಉಳಿದ ಕಾರಣಗಳು ಬೇಗ ಬೇಗ. ಮನೆಯಲ್ಲಿ ಕನ್ನಡ, ತುಳು, ಉರ್ದು ಅಥವಾ ಲಂಬಾಣಿ, ಶಾಲೆಯಲ್ಲಿ ಇಂಗ್ಲಿಷ್, ಹಾಗಾಗಿ ದಿನವಿಡೀ ಅರ್ಥವಾಗದೆ ಕೂರುವುದು. ಎಲ್ಲರೆದುರು ಗಟ್ಟಿಯಾಗಿ ಓದಿಸುವುದು. ಬೆಳಗಿನ ಹಾಲಿನ ವಾಸನೆ ಆಗದ ಮಗುವಿಗೆ ಕುಡಿಯಲೇಬೇಕು ಅಂತ ಒತ್ತಾಯ. ಕೆಲವು ಸಲ ಕಾರಣ ಶಾಲೆಯಲ್ಲಿ ಇರುವುದೇ ಇಲ್ಲ, ಮನೆಯಲ್ಲಿರುತ್ತದೆ: ಹೊಸ ಪಾಪು ಬಂದಿದೆ, ತಾನು ಹೋದ ಮೇಲೆ ಅಮ್ಮ ಅದನ್ನೇ ಎತ್ತಿಕೊಂಡಿರುತ್ತಾಳೆ; ತಾತ ಆಸ್ಪತ್ರೆ ಸೇರಿದ್ದಾರೆ; ರಾತ್ರಿ ಅಪ್ಪ ಅಮ್ಮ ಜಗಳ ಆಡಿದ್ದಾರೆ, ತಾನು ಇಲ್ಲದಾಗ ಏನಾದರೂ ಆದರೆ ಅಂತ ಭಯ. ಮತ್ತೆ ಮೊಬೈಲು. ಮನೆಯಲ್ಲಿದ್ದರೆ ಗೇಮ್ ಸಿಗುತ್ತದೆ ಅಂತಾದರೆ ಶಾಲೆ ಯಾಕೆ ಬೇಕು ಅಲ್ವಾ.

ಟೀಚರ್ ಹೊಡೆದರು ಅಂತ ಮಗು ಹೇಳಿದರೆ "ನೀನೇನೋ ಮಾಡಿರ್ತೀಯ" ಅನ್ನಬೇಡಿ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರು ಅಂತ ಹೇಳಿದರೆ ಮುಂದಿನ ಹೆಜ್ಜೆಗಳೆಲ್ಲ ಪಕ್ಕಕ್ಕಿರಲಿ. ಮಗುವನ್ನು ಮತ್ತೆ ಮತ್ತೆ ಪ್ರಶ್ನೆ ಮಾಡಬೇಡಿ, ಹೇಳಿದ್ದು ಒಳ್ಳೇದಾಯ್ತು ಅನ್ನಿ, ಆ ಜಾಗಕ್ಕೆ ಮತ್ತೆ ಕಳಿಸಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಥವಾ ಪೊಲೀಸರಿಗೆ ತಿಳಿಸಿ. ಇದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಡಿ ಬರುವ ವಿಷಯ. ಶಾಲೆಯವರ ಹತ್ತಿರ 'ಮಾತಾಡಿ ಮುಗಿಸುವುದು' ಅಲ್ಲವೇ ಅಲ್ಲ.

ಹೆಜ್ಜೆ 4: ಟೀಚರಿಗೆ ಬರೆಯಿರಿ, ಗ್ರೂಪಿನಲ್ಲಲ್ಲ

ತರಗತಿಯ ಗ್ರೂಪಿನಲ್ಲಿ "ನನ್ನ ಮಗ ಶಾಲೆಗೆ ಬರೋಕೆ ಹೆದರ್ತಾನೆ, ಯಾರು ಹೊಣೆ?" ಅಂತ ಹಾಕಿದರೆ ಹತ್ತು ನಿಮಿಷದಲ್ಲಿ ನಲವತ್ತು ಮನೆಗೆ ಸುದ್ದಿ, ಮರುದಿನ ನಲವತ್ತು ಮಕ್ಕಳ ಬಾಯಲ್ಲಿ ನಿಮ್ಮ ಮಗನ ಹೆಸರು. ಟೀಚರಿಗೆ ಮಾತ್ರ, ಸಂಜೆ ಹೊತ್ತು, ಚಿಕ್ಕದಾಗಿ ಬರೆಯಿರಿ. ಹೀಗೆ:

"ನಮಸ್ತೆ ಮೇಡಂ. ಎರಡು ವಾರದಿಂದ ಮಗಳು ಬೆಳಿಗ್ಗೆ ಹೊಟ್ಟೆನೋವು ಅಂತ ಅಳುತ್ತಿದ್ದಾಳೆ. ಡಾಕ್ಟರಿಗೆ ತೋರಿಸಿದ್ದೇವೆ, ತೊಂದರೆ ಏನಿಲ್ಲ ಅಂದರು. ಉಕ್ತಲೇಖನ ಇರುವ ದಿನ ಜಾಸ್ತಿ ಆಗುತ್ತಿದೆ ಅನಿಸಿತು. ತರಗತಿಯಲ್ಲಿ ನಿಮಗೇನಾದರೂ ಕಂಡಿದೆಯಾ? ನಾಳೆ ಅಥವಾ ನಾಡಿದ್ದು ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಬಂದು ಮಾತಾಡಬಹುದಾ?"

ಇದರಲ್ಲಿ ದೂರಿಲ್ಲ, ಗಮನಿಸಿದ ವಿಷಯ ಇದೆ, ಒಂದು ಪ್ರಶ್ನೆ ಇದೆ. ಟೀಚರ್ ಕೂಡ ಐವತ್ತು ಕೆಲಸದ ನಡುವೆ ಇರುತ್ತಾರೆ. ದೂರು ಕಂಡರೆ ಸಮರ್ಥನೆ ಶುರು ಮಾಡುತ್ತಾರೆ, ಪ್ರಶ್ನೆ ಕಂಡರೆ ಯೋಚನೆ ಮಾಡುತ್ತಾರೆ.

ಭೇಟಿಗೆ ಹೋದಾಗ "ಸ್ವಲ್ಪ ನೋಡಿಕೊಳ್ಳಿ" ಅನ್ನಬೇಡಿ, ಅದರಿಂದ ಏನೂ ಆಗಲ್ಲ. ಮಾಡಲು ಆಗುವಂಥದ್ದನ್ನು ಕೇಳಿ. ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬರು ಕೈ ಹಿಡಿದು ಒಳಗೆ ಕರೆದುಕೊಳ್ಳಲಿ, ಟೀಚರೇ ಆಗಬೇಕಿಲ್ಲ, ಆಯಾ ಆದರೂ ಸರಿ. ಬಂದ ಕೂಡಲೇ ಒಂದು ಚಿಕ್ಕ ಕೆಲಸ: ಹಾಜರಿ ಪುಸ್ತಕ ತರುವುದು, ಬೋರ್ಡು ಒರೆಸುವುದು. ಕೇಳದೆಯೇ ಟಾಯ್ಲೆಟ್ಟಿಗೆ ಹೋಗಿಬರಲು ಅನುಮತಿ. ಕೆಲವು ದಿನ ಎಲ್ಲರೆದುರು ಓದಿಸದಿರುವುದು. "ಏನಮ್ಮಾ, ನಿನ್ನೆ ಎಲ್ಲಿ ಹೋಗಿದ್ದೆ ಮಹಾರಾಣಿ?" ಅಂತ ತಮಾಷೆಗೂ ಕೇಳದಿರುವುದು. ಈ ಕೊನೆಯದನ್ನು ಮರೆಯದೆ ಹೇಳಿ.

ಟೀಚರ್ ಕಿವಿಗೊಡದಿದ್ದರೆ ಹೆಡ್‌ಮಾಸ್ಟರು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ಇರುವವರು ಬಹುತೇಕ ನಿಮ್ಮಂಥ ಪೋಷಕರೇ, ಚಿಲಕ ಇಲ್ಲದ ಬಾಗಿಲಿನ ಮಾತು ಅಲ್ಲೇ ಆಗಬೇಕು. ಅದಕ್ಕೂ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಅಲ್ಲಿಗೆ ಬಾಯಿಮಾತು ಬೇಡ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಇದನ್ನು ಓದುತ್ತಿರುವ ಟೀಚರುಗಳಿದ್ದರೆ ನಿಮಗೂ ಒಂದು ಮಾತು. ಗ್ರೂಪಿನಲ್ಲಿ ಧ್ವಜಾರೋಹಣದ ಇಪ್ಪತ್ತು ಫೋಟೋ ಹಾಕುವುದರ ಜೊತೆಗೆ, ನಾಳೆ ಏನಿದೆ ಅಂತ ಎರಡು ಸಾಲು ಬರೆಯಿರಿ. ಸೀಟು ಬದಲಾಗುತ್ತದೆ, ಹೊಸ ಟೀಚರ್ ಬರುತ್ತಾರೆ, ಪ್ರತಿಭಾ ಕಾರಂಜಿಗೆ ತಾಲೀಮು ಇದೆ, ಆರೋಗ್ಯ ತಪಾಸಣೆಗೆ ಬರುತ್ತಾರೆ ಆದರೆ ಇಂಜೆಕ್ಷನ್ ಇಲ್ಲ. ಹೆದರುವ ಮಗುವಿಗೆ ನಾಳೆ ಹೇಗಿರುತ್ತದೆ ಅಂತ ಗೊತ್ತಾದರೆ ರಾತ್ರಿ ನಿದ್ದೆ ಬರುತ್ತದೆ. ಮತ್ತೆ, ಹೋಮ್‌ವರ್ಕ್ ಮಾಡದವರ ಹೆಸರಿನ ಪಟ್ಟಿಯನ್ನು ದಯವಿಟ್ಟು ಗ್ರೂಪಿಗೆ ಹಾಕಬೇಡಿ.

ಹೆಜ್ಜೆ 5: ಬೆಳಗಿನ ಒಂದು ಗಂಟೆ

ಬೆಳಗಿನ ಗಲಾಟೆಯನ್ನು ರಾತ್ರಿಯೇ ಮುಗಿಸಬೇಕು. ಬ್ಯಾಗು, ಸಾಕ್ಸು, ಬೆಲ್ಟು, ಸಹಿ ಹಾಕಿದ ಡೈರಿ ಎಲ್ಲ ಬಾಗಿಲ ಹತ್ತಿರ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎಬ್ಬಿಸಿ. ಅವಸರವೇ ಅರ್ಧ ಜಗಳಕ್ಕೆ ಕಾರಣ.

"ಇವತ್ತು ಹೋಗ್ತೀಯಾ ಪುಟ್ಟಾ?" ಅಂತ ಕೇಳಬೇಡಿ. ಪ್ರಶ್ನೆ ಕೇಳಿದರೆ 'ಇಲ್ಲ' ಅನ್ನೋಕೆ ಜಾಗ ಕೊಟ್ಟ ಹಾಗೆ. ಆಯ್ಕೆ ಬೇರೆ ಕಡೆ ಕೊಡಿ: ಡಬ್ಬಿಗೆ ಚಪಾತಿನಾ ಚಿತ್ರಾನ್ನನಾ. ನೋವು ಅಂದರೆ ಒಂದೇ ಉತ್ತರ, ಪ್ರತಿದಿನ ಅದೇ, ಅದೇ ದನಿಯಲ್ಲಿ: "ಹೊಟ್ಟೆ ನೋಯ್ತಿದೆ ಅಂತ ಗೊತ್ತು ಕಂದಾ. ಸ್ವಲ್ಪ ಹೊತ್ತಿಗೆ ಕಡಿಮೆ ಆಗುತ್ತೆ. ಶೂ ಹಾಕೋಣ ಬಾ." ಅಮ್ಮ ಒಂದು, ಅಜ್ಜಿ ಇನ್ನೊಂದು ಹೇಳಿದರೆ ಮುಗಿಯಿತು. ಅಜ್ಜಿ ತಾತ ಇರುವ ಮನೆಯಲ್ಲಿ ಅವರನ್ನು ಹಿಂದಿನ ರಾತ್ರಿಯೇ ಕೂರಿಸಿಕೊಂಡು ಮಾತಾಡಿ. ಮೊಮ್ಮಗಳ ಕಣ್ಣೀರು ನೋಡಿ ಅವರ ಮನಸ್ಸು ಕರಗುವುದು ಸಹಜ, ಅವರನ್ನು ಬೈಯಬೇಡಿ, ಅವರಿಗೂ ಒಂದು ಪಾತ್ರ ಕೊಡಿ: ಸಂಜೆ ಶಾಲೆಯಿಂದ ಕರೆತರುವುದು.

ಯಾರ ಹತ್ತಿರ ಮಗು ಕಡಿಮೆ ಅಳುತ್ತದೋ ಅವರೇ ಬಿಟ್ಟು ಬರಲಿ. ಗೇಟಿನ ಹತ್ತಿರ ವಿದಾಯ ಚಿಕ್ಕದಿರಲಿ. ಹೇಳದೆ ತಪ್ಪಿಸಿಕೊಂಡು ಹೋಗುವುದೂ ಬೇಡ, ಕಿಟಕಿಯಲ್ಲಿ ಇಣುಕುತ್ತಾ ನಿಲ್ಲುವುದೂ ಬೇಡ. "ಶಾಲೆಗೆ ಹೋಗದಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ", "ಹಾಸ್ಟೆಲಿಗೆ ಹಾಕ್ತೀನಿ" ಇವೆಲ್ಲ ಬೇಡವೇ ಬೇಡ. ಹೋದರೆ ಸೈಕಲ್ ಕೊಡಿಸ್ತೀನಿ ಅನ್ನುವುದೂ ಬೇಡ, ಎರಡನೇ ವಾರ ಏನು ಕೊಡಿಸುತ್ತೀರಿ? ಸಂಜೆ ಬಂದಾಗ ಅದರ ಇಷ್ಟದ ಆಟ ಅರ್ಧ ಗಂಟೆ ನಿಮ್ಮ ಜೊತೆ, ಅಷ್ಟು ಸಾಕು.

ಎಷ್ಟು ಮಾಡಿದರೂ ಒಂದು ದಿನ ಉಳಿದೇಬಿಟ್ಟಿತು ಅಂದುಕೊಳ್ಳಿ. ಆ ದಿನ ಮನೆ ಸಪ್ಪೆಯಾಗಿರಬೇಕು. ಶಾಲೆ ಬಿಡುವ ಹೊತ್ತಿನವರೆಗೆ ಟಿವಿ ಇಲ್ಲ, ಮೊಬೈಲ್ ಇಲ್ಲ, ಅಂಗಡಿಗೆ ಜೊತೆಗೆ ಕರೆದೊಯ್ಯುವುದಿಲ್ಲ. ಪುಸ್ತಕ, ಬರೆಯುವುದು, ವಿಶ್ರಾಂತಿ. ಇದು ಶಿಕ್ಷೆ ಅಲ್ಲ, ಬೈಗುಳವೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸರಿಹೋದರೆ ಅರ್ಧ ದಿನಕ್ಕಾದರೂ ಬಿಟ್ಟು ಬನ್ನಿ.

ಹೆಜ್ಜೆ 6: ತುಂಬಾ ದಿನ ತಪ್ಪಿಸಿದ್ದರೆ ಮೆಟ್ಟಿಲು ಮಾಡಿ

ವಾರಗಟ್ಟಲೆ ಬಿಟ್ಟ ಮಗುವನ್ನು ಏಕಾಏಕಿ ಇಡೀ ದಿನಕ್ಕೆ ಕೂರಿಸಲು ಹೋದರೆ ಜಗಳವೇ ಆಗುತ್ತದೆ. ಮೊದಲು ಶಾಲೆ ಬಿಟ್ಟ ಮೇಲೆ ಸಂಜೆ ಮೈದಾನಕ್ಕೆ ಕರೆದುಕೊಂಡು ಹೋಗಿ, ಸುಮ್ನೆ ಆಡಿಕೊಂಡು ಬನ್ನಿ. ಆಮೇಲೆ ಟೀಚರನ್ನು ಖಾಲಿ ತರಗತಿಯಲ್ಲಿ ಮಾತಾಡಿಸಿ, ತನ್ನ ಜಾಗದಲ್ಲಿ ಕೂತು ಬರಲಿ. ಆಮೇಲೆ ಇಷ್ಟದ ಒಂದು ಪೀರಿಯಡ್ಡು. ಬಿಸಿಯೂಟ ಇರುವ ಶಾಲೆಯಲ್ಲಿ ಊಟದ ಹೊತ್ತಿಗೆ ಹೋಗಿ ಸಂಜೆವರೆಗೆ ಇರುವುದು ಒಳ್ಳೆಯ ಮೆಟ್ಟಿಲು, ಯಾಕಂದರೆ ಊಟದಲ್ಲಿ ಯಾರೂ ಪಾಠ ಕೇಳಲ್ಲ, ಗೆಳೆಯರು ಪಕ್ಕದಲ್ಲಿರುತ್ತಾರೆ, ಮೊಟ್ಟೆ ಇರುವ ದಿನವಾದರೆ ಇನ್ನೂ ಸುಲಭ. ಅಲ್ಲಿಂದ ಅರ್ಧ ದಿನ, ಆಮೇಲೆ ಪೂರ್ತಿ.

ಇಲ್ಲಿ ಎರಡು ನಿಯಮ. ಹೊರಡುವ ಹೊತ್ತನ್ನು ಮೊದಲೇ ಹೇಳಿ, ಅಳು ಬಂತು ಅಂತ ಮುಂಚೆ ಕರೆತರಬೇಡಿ. ಒಂದು ಮೆಟ್ಟಿಲಲ್ಲಿ ತಡವರಿಸಿದರೆ ಅಲ್ಲೇ ಇನ್ನೆರಡು ದಿನ ನಿಲ್ಲಿ, ಕೆಳಗೆ ಇಳಿಯಬೇಡಿ. ತಿಂಗಳಾದರೂ ಅರ್ಧ ದಿನದಲ್ಲೇ ನಿಂತಿದ್ದರೆ ಬೇರೆಯವರ ಸಹಾಯ ಬೇಕು ಅಂತ ಅರ್ಥ.

ಹೆಜ್ಜೆ 7: ಯಾವಾಗ, ಯಾರ ಹತ್ತಿರ ಹೋಗಬೇಕು

ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಆಟವೂ ಬೇಡವಾಗಿದ್ದರೆ, ಅಮ್ಮ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಅಳುತ್ತಿದ್ದರೆ, ಸಾಯ್ತೀನಿ ಅನ್ನುವಂಥ ಮಾತು ಬಂದರೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮಗುವನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕು ಅಂತ ಅವರನ್ನೇ ಕೇಳಿ. ಜಿಲ್ಲಾಸ್ಪತ್ರೆಯ ಮನೋವೈದ್ಯರ ವಿಭಾಗ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಹುಚ್ಚಾಸ್ಪತ್ರೆಗೆ ಯಾಕೆ ಅಂತ ನೆಂಟರು ಕೇಳಿದರೆ ಉತ್ತರ ಕೊಡುವ ಅಗತ್ಯ ಇಲ್ಲ.

ಬುದ್ಧಿ ಚುರುಕಿದೆ, ಕಥೆ ಹೇಳಿದರೆ ಕಣ್ಣರಳಿಸಿ ಕೇಳುತ್ತದೆ, ಆದರೆ 3ನೇ ತರಗತಿಗೆ ಬಂದರೂ ಕಾಗುಣಿತ ಕೂಡಿಸಿ ಓದೋಕೆ ಆಗುತ್ತಿಲ್ಲ ಅಂದರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. ನಿಮ್ಹಾನ್ಸ್, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಎರಡರಲ್ಲೂ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಇಂಥ ಮಗುವನ್ನು ಜಾಸ್ತಿ ಟ್ಯೂಷನ್ನಿಗೆ ಹಾಕಿದರೆ ಶಾಲೆಯ ಮೇಲಿನ ಸಿಟ್ಟು ಟ್ಯೂಷನ್ನಿನ ಮೇಲೂ ಬರುತ್ತದೆ, ಅಷ್ಟೇ.

ಶಾಲೆ ಬದಲಿಸೋಣವಾ ಅಂತ ಬಹಳ ಜನ ಕೇಳುತ್ತಾರೆ. ಹೊಡೆತ, ಕಿರುಕುಳ ನಿಲ್ಲದಿದ್ದರೆ, ಶಾಲೆ ಕಿವಿಗೇ ಹಾಕಿಕೊಳ್ಳದಿದ್ದರೆ ಖಂಡಿತ ಬದಲಿಸಿ. ಕಾರಣ ಗೊತ್ತಿಲ್ಲದೆ ಬದಲಿಸಿದರೆ ಕಾರಣವೂ ಬ್ಯಾಗಿನ ಜೊತೆ ಹೊಸ ಶಾಲೆಗೆ ಬರುತ್ತದೆ.

ಸರಿಹೋದ ಮೇಲೂ ರಜೆಗಳ ಮೇಲೆ ಕಣ್ಣಿರಲಿ. ದಸರಾ ರಜೆ, ಬೇಸಿಗೆ ರಜೆ, ಜ್ವರ ಬಂದು ಮಲಗಿದ ವಾರ, ಊರ ಜಾತ್ರೆ, ಇವೆಲ್ಲ ಮುಗಿದ ಮೇಲೆ ಹಳೇ ಹೊಟ್ಟೆನೋವು ಒಂದೆರಡು ದಿನ ತಲೆ ಎತ್ತುತ್ತದೆ. ರಜೆ ಮುಗಿಯುವ ಮೂರ್ನಾಲ್ಕು ದಿನ ಮುಂಚೆಯೇ ಮಲಗುವ, ಏಳುವ ಹೊತ್ತನ್ನು ಶಾಲೆಯ ಹೊತ್ತಿಗೆ ತನ್ನಿ, ಒಬ್ಬ ಗೆಳೆಯನನ್ನು ಮನೆಗೆ ಕರೆಸಿ, ಗ್ರೂಪು ತೆರೆದು ಮೊದಲ ದಿನ ಏನಿದೆ ಅಂತ ಓದಿ ಹೇಳಿ. ಮೊದಲ ಸೋಮವಾರ ನಿಮ್ಮ ಕೆಲಸಕ್ಕೆ ಒಂದು ಗಂಟೆ ತಡವಾಗಿ ಬರುತ್ತೇನೆ ಅಂತ ಮೊದಲೇ ಹೇಳಿಟ್ಟಿರಿ.